ಗಂಟುವಾತ ಇದ್ದವರ ಕುತ್ತಿಗೆ ನೋವು

ಕೇಳುಗರೇ, ನಮಸ್ಕಾರ.

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ದಿನವಿಡೀ ತಲೆ ತಗ್ಗಿಸಿಯೇ ಕೂರುತ್ತಾರೆ. ಕುತ್ತಿಗೆ ನೋವು ಅವರಿಗೆ ಹೊಸದಲ್ಲ. ಆದರೆ ಕೈಬೆರಳು, ಮಣಿಕಟ್ಟಿನ ಗಂಟುಗಳು ಮೊದಲೇ ಊದಿಕೊಂಡು, ಡಾಕ್ಟರು ಅದನ್ನು ರುಮಟಾಯ್ಡ್ ಸಂಧಿವಾತ ಎಂದಿದ್ದರೆ, ಆಗ ಕುತ್ತಿಗೆ ನೋವನ್ನು ಕೆಲಸದ ಆಯಾಸ ಅಂತ ಸುಮ್ನೆ ಬಿಡುವ ಹಾಗಿಲ್ಲ.

ಈ ಕಾಯಿಲೆಯಲ್ಲಿ, ರೋಗದಿಂದ ನಮ್ಮನ್ನು ಕಾಯಬೇಕಾದ ಶಕ್ತಿಯೇ ನಮ್ಮ ಗಂಟುಗಳ ಮೇಲೆ ತಿರುಗಿ ಬೀಳುತ್ತದೆ. ಬೆನ್ನುಮೂಳೆಯಲ್ಲಿ ಅದು ಹಿಡಿಯುವುದು ಹೆಚ್ಚಾಗಿ ಕುತ್ತಿಗೆಯನ್ನು. ಸೊಂಟದ ನೋವಿಗೆ ಸಾಮಾನ್ಯವಾಗಿ ಬೇರೆ ಕಾರಣ ಇರುತ್ತದೆ. ತಲೆಬುರುಡೆಯ ಕೆಳಗಿನ ಮೊದಲ 2 ಮೂಳೆಗಳನ್ನು ಬಿಗಿಹಿಡಿಯುವ ಒಂದು ಪಟ್ಟಿ ಇದೆ. ಊತ ವರ್ಷಗಟ್ಟಲೆ ಉಳಿದರೆ ಆ ಪಟ್ಟಿ ಸಡಿಲವಾಗುತ್ತದೆ. ಮೂಳೆ ಜಾರಿ ಬೆನ್ನುಹುರಿಯನ್ನೇ ಒತ್ತಬಹುದು.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ಲಟಕ್ಕೆನಿಸಲು ಬಿಡಬೇಡಿ. ಉಳುಕು ತೆಗೆಯುವವರ ಕೈಗೂ ಕುತ್ತಿಗೆ ಕೊಡಬೇಡಿ. ತಲೆ ಮೇಲೆ ಸೊಪ್ಪಿನ ಹೊರೆ ಬೇಡವೇ ಬೇಡ. "ಇಷ್ಟು ವರ್ಷ ಹೊತ್ತಿಲ್ವಾ?" ಎಂದು ಮನೆಯವರು ಕೇಳಿದರೂ ಬೇಡ.

ತಲೆಯ ಹಿಂಭಾಗದಲ್ಲಿ ನೋವು, ತಲೆ ಬಗ್ಗಿಸಿದಾಗ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದ ಹಾಗೆ ಆಗುವುದು, ಕೈ ಜೋಮು ಹಿಡಿಯುವುದು, ರವಿಕೆಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಓಲಾಡುವುದು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಡಾಕ್ಟರ ಬಳಿ ಹೋಗಿ. ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ, ಎಂಆರ್‌ಐ ತೆಗೆದರೆ ಮೂಳೆ ಜಾರಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಔಷಧಿ. ನೋವಿನ ಮಾತ್ರೆ ನೋವು ತಗ್ಗಿಸುತ್ತದೆ, ರೋಗವನ್ನು ತಡೆಯುವುದಿಲ್ಲ. ತಡೆಯುವ ಔಷಧಿಗಳಲ್ಲಿ ಮುಖ್ಯವಾದದ್ದು ಮೆಥೋಟ್ರೆಕ್ಸೇಟ್. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ವಾರದ ಯಾವ ದಿನ ಎಂದು ಮಾತ್ರೆ ಡಬ್ಬಿಯ ಮೇಲೆ ಮಕ್ಕಳ ಕೈಲಿ ದೊಡ್ಡದಾಗಿ ಬರೆಸಿ. ಗುಣ ಕಾಣಲು ಕೆಲವು ವಾರಗಳು ಬೇಕು, ಅಷ್ಟರಲ್ಲಿ ಬೇಸತ್ತು ಬಿಡಬೇಡಿ. ರಕ್ತ ಪರೀಕ್ಷೆಯನ್ನೂ ತಪ್ಪಿಸಬೇಡಿ. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಬೀಡಿಯ ತಡ್ಪೆಯನ್ನು ಮಡಿಲಿನಿಂದ ಮೇಲಕ್ಕೆತ್ತಿ ಒಂದು ಸ್ಟೂಲಿನ ಮೇಲಿಡಿ, ಕತ್ತು ಬಗ್ಗುವುದು ಕಮ್ಮಿಯಾಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಬೆಳಗಿನ ಬಿಗಿತಕ್ಕೆ ಬಿಸಿನೀರಿನ ಶಾಖ ಹಿತ. ಬೀಡಿ ಸೇದುವವರಲ್ಲಿ ಈ ಕಾಯಿಲೆ ಜಾಸ್ತಿ ಕೆಡುತ್ತದೆ, ಅದನ್ನು ಬಿಟ್ಟೇ ಬಿಡಿ.

ಮುಂದೆ ಯಾವುದೇ ಆಪರೇಶನ್‌ಗೆ ಹೋದರೂ, ಅದು ಹೊಟ್ಟೆಯದೇ ಆಗಿರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಈ ಕಾಯಿಲೆಯ ವಿಷಯ ನೀವೇ ಹೇಳಿ. ಉಸಿರಿನ ನಳಿಕೆ ಹಾಕುವಾಗ ಅವರು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಮೊದಲೇ ಗೊತ್ತಿದ್ದರೆ ಬೇರೆ ರೀತಿಯಲ್ಲಿ ಜಾಗ್ರತೆಯಿಂದ ಮಾಡುತ್ತಾರೆ.