ಸಂಕ ದಾಟಿದ ಮೇಲಲ್ಲವೇ ಬಸ್ಸು?

ಕೇಳುಗ ಬಂಧುಗಳೇ, ನಮಸ್ಕಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಒಳ್ಳೆಯದೇ ಆಯಿತು. ಆದರೆ ಹಳ್ಳದಾಚೆ ಮನೆ ಇದ್ದವಳಿಗೆ ಆಷಾಢದಲ್ಲಿ ಆ ಟಿಕೆಟ್ಟು ಏನು ಮಾಡೀತು? ಬಸ್ಸಿಗಿಂತ ಮೊದಲು ಸಂಕ ಬೇಕು, ಅಂದರೆ ಹಳ್ಳ ದಾಟುವ ಕಾಲುಸೇತುವೆ. ನಾನಿವತ್ತು ಹೇಳುವುದು ಇದೊಂದೇ.

ಶಿರಸಿ, ಸಿದ್ದಾಪುರ, ಜೋಯಿಡಾದ ಒಳಹಳ್ಳಿಯವರಿಗೆ ಕಾಲುಸಂಕ ಗೊತ್ತು, ಪೇಟೆಯವರಿಗಾಗಿ ಹೇಳುತ್ತೇನೆ. ಎರಡೋ ಮೂರೋ ಅಡಿಕೆ ಮರ ಅಡ್ಡ ಹಾಕಿ, ಬಿಗಿದು ಕಟ್ಟಿ, ಆಸರೆಗೆ ಒಂದು ಬದಿ ಬಿದಿರು. ಅಡಿಕೆ ಮರದ ಹೊರಮೈ ಗಟ್ಟಿ, ಒಳಗೆ ಮೆದು ತಿರುಳು. ಮಣ್ಣಿಗೆ ತಾಗಿದ ತುದಿ ನೀರು ಕುಡಿದು ಒಳಗಿಂದೊಳಗೇ ಕೊಳೆತು ಲಡ್ಡಾಗುತ್ತದೆ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ತುದಿಯನ್ನು ಕಲ್ಲಿನ ಮೇಲಿಡಿ. ಮಳೆ ಹಿಡಿಯುವ ಮೊದಲೇ ಮರ ಬದಲಿಸಿ, ಹಾವಸೆ ಕೆರೆಯಿರಿ. ಆಸರೆ ಎರಡೂ ಬದಿಗಿರಲಿ: ಶಾಲೆಗೆ ಹೋಗುವಾಗ ಬಲಗೈಗೆ ಸಿಕ್ಕ ಬಿದಿರು ಬರುವಾಗ ಎಡಗೈಗೆ, ಆ ಕೈಯಲ್ಲಿ ಕೊಡೆ!

ಸುಳ್ಯದ ಗಿರೀಶ್ ಭಾರದ್ವಾಜ್ ಅವರ ಕೆಲಸ ನೋಡಿ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಎರಡು ದಂಡೆಗೂ ಕಂಬ, ನಡುವೆ ಉಕ್ಕಿನ ಹಗ್ಗ. ನೀರಿನೊಳಗೆ ಕಂಬವಿಲ್ಲ, ತೇಲಿ ಬರುವ ಮರಮಟ್ಟು ಬಡಿಯುವುದು ಯಾವುದಕ್ಕೆ? ಲಾರಿ ಹೋಗದು, ಬಸುರಿಯನ್ನು ಹೊತ್ತ ಜೋಲಿ ಹೋಗುತ್ತದೆ. ಮುಂದೆ ಅಂಥವು ನೂರು ದಾಟಿದವು, 2017ರಲ್ಲಿ ಪದ್ಮಶ್ರೀ ಬಂತು. ‘ದೊಡ್ಡ ಸೇತುವೆಗೆ ಅನುದಾನ ಬರಲಿ, ನೋಡೋಣ’ ಎಂದು ವರ್ಷಗಟ್ಟಲೆ ಹೇಳುವವರು ಒಮ್ಮೆ ಸುಳ್ಯಕ್ಕೆ ಹೋಗಿ ಬರಲಿ.

ಹಳ್ಳ ತುಂಬಿದರೆ ರೇಷನ್ನಿಗೆ ಹೆಬ್ಬೆಟ್ಟು ಒತ್ತಲು ಬರಲಾಗದು, ಗ್ರಾಮಸಭೆಗೂ ಬರಲಾಗದು. ಸಭೆಗೆ ಬಾರದವರ ಬೇಡಿಕೆ ನಡಾವಳಿಯಲ್ಲಿ ಇರುವುದಿಲ್ಲ. ಸಂಕವಿಲ್ಲದವರು ಸಂಕ ಕೇಳುವುದಾದರೂ ಹೇಗೆ? ಈಚೆ ದಂಡೆಯವರೇ ಅವರ ಪರವಾಗಿ ಎದ್ದು ನಿಲ್ಲಬೇಕು.

ರಾತ್ರಿ ಊರಲ್ಲೇ ನಿಲ್ಲುವ ವಸತಿ ಬಸ್ಸು, ಅಂಗವಿಕಲರಿಗೆ ಎಟುಕದ ಬಸ್ಸಿನ ಮೆಟ್ಟಿಲು, ಇವನ್ನೂ ಹೇಳುವುದಿತ್ತು, ಸಮಯ ಸಾಲದು. ಅರ್ಜಿಯ ಮಾತು ಮಾತ್ರ ಹೇಳಿಬಿಡುತ್ತೇನೆ. ಬರೀ ‘ಸಂಕ ಬೇಕು’ ಎಂದು ಬರೆಯಬೇಡಿ. ಹಳ್ಳದ ಅಗಲ ಎಷ್ಟು ಅಡಿ, ಆಚೆ ಮನೆ ಎಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು, ಸುತ್ತುದಾರಿ ಎಷ್ಟು ಕಿಲೋಮೀಟರ್, ಬರೆಯಿರಿ. ನೆರೆ ಎಷ್ಟು ಏರಿತ್ತು ಎನ್ನುವುದಕ್ಕೆ ದಂಡೆಯ ಗಿಡಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿಯ ಎತ್ತರ ಅಳೆಯಿರಿ; ಸಂಕ ಅದಕ್ಕಿಂತ ಮೇಲಿರಬೇಕು. ನಕಲು ಪ್ರತಿಗೆ ಪಂಚಾಯ್ತಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ನಮಸ್ಕಾರ.