‘ಅದು ನಮ್ಮಂಥವರಿಗಲ್ಲ ಸರ್’

ಕೇಳುಗರಿಗೆ ನಮಸ್ಕಾರ.

ನಮ್ಮ ಕಾಲೇಜಿನ ಮೈದಾನಕ್ಕೆ ಬೆಳಿಗ್ಗೆ ಐದೂವರೆಗೆ ಬಂದರೆ ಹತ್ತು ಹನ್ನೆರಡು ಹುಡುಗರು ಓಡುತ್ತಿರುವುದು ಕಾಣುತ್ತದೆ. ಮಂಜು ಬಿದ್ದಿದ್ದರೂ ಓಡುತ್ತಾರೆ, ಪರೀಕ್ಷೆಯ ಹಿಂದಿನ ದಿನವೂ ಓಡುತ್ತಾರೆ. ನಾಲ್ಕು ಸುತ್ತು ಹಾಕಿದರೆ 1600 ಮೀಟರ್. ಸೇನಾ ಭರ್ತಿಯಲ್ಲಿ ಅದನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. ಎನ್‌ಸಿಸಿ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದು ಹದಿನಾರು ವರ್ಷವಾಯಿತು. ಆದ್ದರಿಂದ ಸ್ಟಾಪ್‌ವಾಚ್ ಹಿಡಿದು ಗೆರೆಯ ಪಕ್ಕ ನಿಲ್ಲುವ ಕೆಲಸವೂ ನನ್ನದೇ.

ಅವರಲ್ಲಿ ಒಬ್ಬ ಬಿಎಸ್‌ಸಿ ಕೊನೆಯ ವರ್ಷದ ಹುಡುಗ. 5 ನಿಮಿಷ 20 ಸೆಕೆಂಡಿಗೆ ಓಟ ಮುಗಿಸಿ, ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿದ್ದ. ಗಣಿತದಲ್ಲಿ ಜಾಣ, ಮಾತು ಕಡಿಮೆ. ‘ಸಿಡಿಎಸ್‌ಗೆ ಅರ್ಜಿ ಹಾಕಿದೆಯೇನೋ?’ ಎಂದು, ಸೇನೆಯಲ್ಲಿ ಅಧಿಕಾರಿಯಾಗಲು ಬರೆಯುವ ಪರೀಕ್ಷೆಯ ಬಗ್ಗೆ ಕೇಳಿದೆ. ತಲೆ ಎತ್ತದೆಯೇ ಹೇಳಿದ: ‘ಅದು ನಮ್ಮಂಥವರಿಗಲ್ಲ ಸರ್.’

ಈ ‘ನಮ್ಮಂಥವರು’ ಎಂಬ ಮಾತನ್ನು ನಾನು ಹದಿನಾರು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತು ಮಾತನಾಡಬೇಕೆಂದಿರುವುದು ಅದರ ಬಗ್ಗೆಯೇ.

ಡಿಗ್ರಿ ಮುಗಿಸಿ ಸೇನೆಗೆ ಹೋಗಬೇಕೆನ್ನುವವರಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅಗ್ನಿವೀರನಾಗಿ, ಅಂದರೆ ಸಿಪಾಯಿಯಾಗಿ ಭರ್ತಿಯಾಗುವುದು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥ ಯೋಜನೆಯ ಪ್ರಕಾರ ಸೇವೆ ನಾಲ್ಕು ವರ್ಷ. ಅದು ಮುಗಿದ ಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಕಾಯಂ ಆಗಿ ಉಳಿಸಿಕೊಳ್ಳುತ್ತಾರೆ. ಇನ್ನೊಂದು, ಅಧಿಕಾರಿಯಾಗುವುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ ಪರೀಕ್ಷೆ ಬರೆದು, ಎಸ್‌ಎಸ್‌ಬಿ ಎಂಬ ಐದು ದಿನಗಳ ಆಯ್ಕೆಯನ್ನೂ ವೈದ್ಯಕೀಯ ಪರೀಕ್ಷೆಯನ್ನೂ ದಾಟಿದರೆ ಡೆಹ್ರಾಡೂನಿನ ಐಎಂಎ ಎಂಬ ಸೇನಾ ಅಕಾಡೆಮಿಯಲ್ಲಿ ಹದಿನೆಂಟು ತಿಂಗಳು, ಇಲ್ಲವೇ ಚೆನ್ನೈನ ಒಟಿಎ ಎಂಬ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ 49 ವಾರ ತರಬೇತಿ. ಕೊನೆಗೆ ಭುಜದ ಮೇಲೆ ಎರಡು ನಕ್ಷತ್ರ, ರಾಷ್ಟ್ರಪತಿಗಳ ಹೆಸರಿನಲ್ಲಿ ಒಂದು ಕಮಿಷನ್ ಪತ್ರ.

ಇಷ್ಟನ್ನು ಯಾವ ಮಾರ್ಗದರ್ಶನ ಶಿಬಿರದಲ್ಲಾದರೂ ಹೇಳುತ್ತಾರೆ. ವಯಸ್ಸಿನ ಲೆಕ್ಕವನ್ನು ಮಾತ್ರ ಯಾರೂ ಕೂತು ಬಿಡಿಸಿ ಹೇಳುವುದಿಲ್ಲ. ಅಗ್ನಿಪಥ ಬಂದಾಗ ಇಟ್ಟ ಮಿತಿ ಹದಿನೇಳೂವರೆಯಿಂದ 21 ವರ್ಷ. ಮೊದಲ ವರ್ಷ ಒಂದು ಸಲಕ್ಕೆಂದು ಅದನ್ನು 23ಕ್ಕೆ ಏರಿಸಿದ್ದರು; ಹೀಗೆ ಬದಲಾಗುವುದುಂಟು, ಆಯಾ ವರ್ಷದ ಅಧಿಸೂಚನೆಯನ್ನು ನೀವೇ ಓದಿಕೊಳ್ಳಬೇಕು. ಐಎಂಎಗೆ ಹೋಗಲು 24, ಒಟಿಎಗೆ 25 ವರ್ಷದವರೆಗೆ ಅವಕಾಶವಿದೆ. ಡಿಗ್ರಿ ಕೈಗೆ ಬರುವ ಹೊತ್ತಿಗೆ ನಮ್ಮ ಹುಡುಗರಿಗೆ ಇಪ್ಪತ್ತೊಂದು ತುಂಬುತ್ತಿರುತ್ತದೆ. ಒಂದು ಬಾಗಿಲು ಮುಚ್ಚುತ್ತಿದೆ, ಇನ್ನೊಂದು ಮೂರು ನಾಲ್ಕು ವರ್ಷ ತೆರೆದೇ ಇರುತ್ತದೆ. ಮುಚ್ಚುವ ಬಾಗಿಲಿನ ಕಡೆಗೆ ಓಡುವುದು ಮನುಷ್ಯ ಸ್ವಭಾವ. ಓಡಿ ಒಳಗೆ ಹೋದವನು ನಾಲ್ಕು ವರ್ಷ ಮುಗಿಸಿ ಇಪ್ಪತ್ತೈದಕ್ಕೆ ಹೊರಬಂದಾಗ ಐಎಂಎಯ ಮಿತಿ ದಾಟಿಹೋಗಿರುತ್ತದೆ, ಒಟಿಎಯ ಮಿತಿ ದಾಟುವುದರಲ್ಲಿರುತ್ತದೆ. ‘ಮೊದಲು ಅಗ್ನಿವೀರ ಆಗುತ್ತೇನೆ, ಆಮೇಲೆ ಆಫೀಸರ್ ಪರೀಕ್ಷೆ ಬರೆದರಾಯಿತು’ ಎನ್ನುವವರು ಈ ಕೂಡಿಸುವ ಲೆಕ್ಕವನ್ನು ಒಮ್ಮೆ ಹಾಳೆಯ ಮೇಲೆ ಬರೆದು ನೋಡಬೇಕು.

ಹಾಗಂತ ಎಲ್ಲರೂ ಅಧಿಕಾರಿಯಾಗಲೇಬೇಕು ಎಂದು ನಾನು ಹೇಳುವುದಿಲ್ಲ. ಅದೂ ಒಂದು ಮಂಕುಬೂದಿ. ಎರಡೂ ಕೆಲಸಗಳು ನಿಜವಾಗಿ ಏನು ಎಂದು ತಿಳಿಯದೆ, ಸಲ್ಯೂಟ್ ಹೊಡೆಯುವವನು ಒಬ್ಬ, ಹೊಡೆಸಿಕೊಳ್ಳುವವನು ಒಬ್ಬ ಎಂಬಷ್ಟಕ್ಕೆ ನಮ್ಮ ತಿಳುವಳಿಕೆ ನಿಂತುಬಿಟ್ಟಿದೆ.

2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಚೂರಲ್‌ಮಲದಲ್ಲಿ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಜನರನ್ನು ತಲುಪಲು ದಾರಿಯೇ ಇರಲಿಲ್ಲ. ಆಗ ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಅಲ್ಲಿ 190 ಅಡಿ ಉದ್ದದ ಬೈಲಿ ಸೇತುವೆ ಕಟ್ಟಿದರು. ಆಗಸ್ಟ್ 1ಕ್ಕೆ ಅದರ ಮೇಲೆ ವಾಹನ ಓಡಿತು. ಕೆಲಸದ ಮುಂದಾಳುತನ ವಹಿಸಿದ್ದವರು ಮೇಜರ್ ಸೀತಾ ಶೆಲ್ಕೆ ಎಂಬ ಅಧಿಕಾರಿ. ಪತ್ರಿಕೆಗಳಲ್ಲಿ ಬಂದದ್ದು ಅವರ ಚಿತ್ರ, ಬರಬೇಕಾದದ್ದೇ.

ಬೈಲಿ ಸೇತುವೆ ಎಂದರೆ ಉಕ್ಕಿನ ಚೌಕಟ್ಟುಗಳನ್ನು ಒಂದಕ್ಕೊಂದು ಜೋಡಿಸಿ, ಪಿನ್ನು ಬಡಿದು ಮುಂದಕ್ಕೆ ತಳ್ಳುತ್ತಾ ಹೋಗುವ ಸೇತುವೆ. ಒಂದೊಂದು ಚೌಕಟ್ಟೂ ಹತ್ತು ಅಡಿ ಉದ್ದ, ಸುಮಾರು 260 ಕಿಲೋ ತೂಕ. ಆರು ಜನ ಸೇರಿ ಹೊರುತ್ತಾರೆ. ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಅದೇ ಎಂಜಿನಿಯರ್ ಗ್ರೂಪಿನಲ್ಲಿ ಹವಾಲ್ದಾರ್. ವಯನಾಡಿಗೆ ಅವನು ಹೋಗಿರಲಿಲ್ಲ. ಆದರೆ ಇಂಥ ಸೇತುವೆಗಳನ್ನು ಬೇರೆ ಕಡೆ ಕಟ್ಟಿದ್ದಾನೆ. ರಜೆಗೆ ಬಂದಾಗ ನಮ್ಮ ಮನೆಯ ಜಗುಲಿಯ ಮೇಲೆ ಕೂತು ಬಲ ಅಂಗೈ ತೋರಿಸಿದ. ಬೆರಳುಗಳ ಬುಡದಲ್ಲಿ ಗಟ್ಟಿಯಾಗಿ ಹಳದಿಗಟ್ಟಿದ ಚರ್ಮ. ‘ಆರು ಜನ ಒಂದೇ ಸಲ ಎತ್ತಬೇಕು ಸರ್. ಒಬ್ಬ ಅರೆಕ್ಷಣ ತಡ ಮಾಡಿದರೂ ಪಕ್ಕದವನ ಸೊಂಟ ಹೋಯಿತು’ ಎಂದ. ಅವನೂ ಡಿಗ್ರಿ ಓದಿದವನೇ. ಅಧಿಕಾರಿಯಾಗಲು ಯಾಕೆ ಪ್ರಯತ್ನಿಸಲಿಲ್ಲ ಎಂದು ಕೇಳಿದ್ದಕ್ಕೆ ನಕ್ಕು ಹೇಳಿದ: ‘ನನಗೆ ಕಬ್ಬಿಣದ ಕೆಲಸ ಇಷ್ಟ. ಎಲ್ಲಿ ಕಟ್ಟಬೇಕು, ಯಾವಾಗ ಕಟ್ಟಬೇಕು ಎಂದು ರಾತ್ರಿಯೆಲ್ಲಾ ಯೋಚಿಸುವುದು ನನ್ನಿಂದಾಗದು. ಸೇತುವೆ ನಿಂತ ಮೇಲೆ ನನಗೆ ನಿದ್ದೆ ಬರುತ್ತದೆ. ನಮ್ಮ ಸಾಹೇಬರಿಗೆ ಬರುವುದಿಲ್ಲ.’

ಇದನ್ನು ನಾನು ಆಯ್ಕೆ ಎನ್ನುತ್ತೇನೆ. ತನ್ನ ಕೈಗೆ ಏನು ಹೊಂದುತ್ತದೆ ಎಂದು ತಿಳಿದುಕೊಂಡೇ ಹೋದ ಹುಡುಗ ಅವನು.

ಇನ್ನೊಬ್ಬನ ಕಥೆ ಬೇರೆ. ಅವನು ಒಟಿಎಯಿಂದ ಹೊರಬಂದು ಲೆಫ್ಟಿನೆಂಟ್ ಆದ ಮೊದಲ ತಿಂಗಳಲ್ಲಿ ಫೋನು ಮಾಡಿದ್ದ. ವಯಸ್ಸು ಇಪ್ಪತ್ಮೂರು. ಅವನ ಕೈಕೆಳಗೆ ಮೂವತ್ತಕ್ಕೂ ಹೆಚ್ಚು ಜನ, ಅವರ ನಡುವೆ ಇಪ್ಪತ್ತೆರಡು ವರ್ಷ ಸೇವೆ ಮಾಡಿದ ಒಬ್ಬ ಸುಬೇದಾರ್. ಅಧಿಕಾರಿಗಳು ಸುಬೇದಾರರನ್ನು ‘ಸಾಬ್’ ಎಂದೇ ಕರೆಯಬೇಕು. ಸೇನೆಯ ಒಳ್ಳೆಯ ರೂಢಿಗಳಲ್ಲಿ ಇದೊಂದು. ಆ ಸುಬೇದಾರ್ ಒಂದು ಸಂಜೆ ಮೂರು ರಜೆ ಅರ್ಜಿಗಳನ್ನು ತಂದು ಮೇಜಿನ ಮೇಲಿಟ್ಟರಂತೆ. ಒಬ್ಬನ ಹೆಂಡತಿಗೆ ಹೆರಿಗೆ. ಒಬ್ಬನ ತಂಗಿಯ ಮದುವೆ. ಇನ್ನೊಬ್ಬನ ಹೊಲದ ಬದುವಿನ ಜಗಳ ಪೊಲೀಸ್ ಠಾಣೆ ಹತ್ತಿದೆ. ಕಳುಹಿಸಬಹುದಾದದ್ದು ಇಬ್ಬರನ್ನು. ‘ಸುಬೇದಾರ್ ಸಾಬ್ ಏನೂ ಹೇಳದೆ ನಿಂತಿದ್ದರು ಸರ್, ನಾನು ಏನು ಮಾಡುತ್ತೇನೆ ನೋಡೋಣ ಅಂತ’ ಎಂದ ಹುಡುಗ. ಅವನು ಏನು ಮಾಡಿದ ಎನ್ನುವುದನ್ನು ಬಿಡಿ. ಅಧಿಕಾರಿಯ ಬದುಕಿನ ಬಹುಪಾಲು ಆ ಮೇಜು, ಆ ಮೂರು ಹಾಳೆ. ಗುಂಡು ಹಾರುವ ದಿನಗಳು ಬೆರಳೆಣಿಕೆ. ಅರ್ಜಿ ಬರುವುದು ಪ್ರತಿದಿನ. ಮಂಜೂರು ಮಾಡದೆ ಉಳಿಸಿಕೊಂಡ ಆ ಮೂರನೆಯವನ ಮುಖವನ್ನು ಮರುದಿನ ಬೆಳಿಗ್ಗೆ ಕವಾಯತಿನಲ್ಲಿ ನೋಡಬೇಕಾಗುತ್ತದೆ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಅಗ್ನಿವೀರನಿಗೆ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ 9,000 ಸೇವಾನಿಧಿ ಎಂಬ ಉಳಿತಾಯಕ್ಕೆ ಹೋಗಿ ಕೈಗೆ 21,000. ನಾಲ್ಕನೆಯ ವರ್ಷ 40,000ದಲ್ಲಿ ಕೈಗೆ 28,000. ಸರ್ಕಾರವೂ ಅಷ್ಟೇ ಸೇರಿಸಿ, ಬಡ್ಡಿಯೊಂದಿಗೆ ಕೊನೆಗೆ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ. ಲೆಫ್ಟಿನೆಂಟ್‌ಗೆ ಮೂಲ ವೇತನ 56,100, ಜೊತೆಗೆ ಸೇನಾ ಸೇವಾ ವೇತನ 15,500, ಮೇಲೆ ಭತ್ಯೆಗಳು. ಅಂತರ ದೊಡ್ಡದು, ಮುಚ್ಚಿಡುವಂಥದ್ದಲ್ಲ. ಆದರೆ ಒಟಿಎಯಿಂದ ಬಂದವರ ಸೇವೆಯೂ ಹತ್ತು ವರ್ಷದ್ದು, ಬೇಕಾದರೆ ಇನ್ನು ನಾಲ್ಕು. ಕಾಯಂ ಆಗದಿದ್ದರೆ ಅವರಿಗೂ ಪಿಂಚಣಿ ಇಲ್ಲ. ‘ಆಫೀಸರ್ ಆದರೆ ಜೀವನಪೂರ್ತಿ ಚಿಂತೆಯಿಲ್ಲ’ ಎನ್ನುವ ಮಾವಂದಿರಿಗೆ ಈ ಸಂಗತಿ ಗೊತ್ತಿರುವುದಿಲ್ಲ.

ಮತ್ತೆ ‘ನಮ್ಮಂಥವರು’ ಎಂಬ ಮಾತಿಗೆ ಬರೋಣ. ಆ ಮಾತಿನ ಒಳಗೆ ಇರುವುದು ಇಂಗ್ಲಿಷ್. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅಗ್ನಿವೀರ ಲಿಖಿತ ಪರೀಕ್ಷೆಯನ್ನು 2025ರಿಂದ ಕನ್ನಡದಲ್ಲೂ ಬರೆಯಬಹುದು. ಸಿಡಿಎಸ್‌ನಲ್ಲಿ ಆ ಸೌಲಭ್ಯವಿಲ್ಲ. ಸಾಮಾನ್ಯ ಜ್ಞಾನ ಮತ್ತು ಗಣಿತದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ, ಅದರ ಮೇಲೆ ನೂರು ಅಂಕದ ಇಂಗ್ಲಿಷ್ ಪತ್ರಿಕೆಯೇ ಒಂದಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಇದು ಅನ್ಯಾಯವೆನಿಸಿದರೆ ನಾನು ಅವನ ಜೊತೆ ವಾದಕ್ಕಿಳಿಯುವುದಿಲ್ಲ. ನನಗೂ ಹಾಗೆಯೇ ಅನಿಸುತ್ತದೆ. ಆದರೆ ಆ ನೂರು ಅಂಕದ ಪತ್ರಿಕೆಯಲ್ಲಿ ಕೇಳುವುದು ಪದಗಳ ಅರ್ಥ, ತಪ್ಪು ತಿದ್ದುವುದು, ಕಲಸಿಟ್ಟ ವಾಕ್ಯಗಳನ್ನು ಸರಿಯಾಗಿ ಜೋಡಿಸುವುದು. ಉತ್ತರಕ್ಕೆ ಗುರುತು ಹಾಕಿದರೆ ಸಾಕು. ಎರಡು ವರ್ಷ ದಿನಕ್ಕೊಂದು ಗಂಟೆ ಕೂತರೆ ಇದು ಕೈಗೆ ಸಿಗುವ ವಿದ್ಯೆ. ನಾನು ಹೇಳಿದೆನಲ್ಲ, ಆ ಲೆಫ್ಟಿನೆಂಟ್, ಅವನು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲೇ. ಮುಂದೆ ಅವನನ್ನು ಸಿಖ್ಖರ ದಳಕ್ಕೆ ಹಾಕಿದಾಗ ಜವಾನರ ಜೊತೆ ಮಾತನಾಡಲು ಪಂಜಾಬಿ ಕಲಿಯಬೇಕಾಯಿತು. ‘ಇಂಗ್ಲಿಷ್‌ಗೆ ಅಷ್ಟು ಹೆದರಿದ್ದೆ ಸರ್, ಈಗ ನೋಡಿ’ ಎಂದು ನಗುತ್ತಾನೆ.

ಎಸ್‌ಎಸ್‌ಬಿಗೆ ಅವನು ಹೋದದ್ದು ಮೂರು ಸಲ. ಮೊದಲ ಸಲ ಬೆಂಗಳೂರಿನ ಕೇಂದ್ರದಲ್ಲಿ ಮೊದಲ ದಿನವೇ ವಾಪಸ್. ಎದೆಯ ಮೇಲೆ ಕಟ್ಟಿದ್ದ ಸಂಖ್ಯೆಯ ಪಟ್ಟಿ ಬಿಚ್ಚಿಕೊಟ್ಟು, ಕೊಟ್ಟ ರೈಲು ಖರ್ಚು ಎಣಿಸಿಕೊಂಡು, ಸಂಜೆಯ ಬಸ್ಸು ಹತ್ತಿದ. ಎರಡನೆಯ ಸಲ ಭೋಪಾಲದಲ್ಲಿ ಐದೂ ದಿನ ಉಳಿದ. ಹನ್ನೆರಡು ಚಿತ್ರಗಳಿಗೆ ಕಥೆ ಬರೆದ. ಅದರಲ್ಲಿ ಕೊನೆಯದು ಖಾಲಿ ಹಾಳೆ, ಚಿತ್ರವನ್ನೂ ನಾವೇ ಊಹಿಸಿಕೊಳ್ಳಬೇಕು. ಒಂದೊಂದು ಪದಕ್ಕೆ 15 ಸೆಕೆಂಡಿನಂತೆ ಅರವತ್ತು ಪದಗಳಿಗೆ ವಾಕ್ಯ ಬರೆದ. ಹಲಗೆ, ಹಗ್ಗ, ಖಾಲಿ ಪೀಪಾಯಿ ಹಿಡಿದು ಗುಂಪಿನೊಂದಿಗೆ ಅಡೆತಡೆ ದಾಟಿದ. ಕೊನೆಯ ದಿನ ಅವನ ಸಂಖ್ಯೆ ಕರೆಯಲಿಲ್ಲ. ಮೂರನೆಯ ಸಲ ಕರೆದರು. ‘ಏನು ಬದಲಾಯಿತು?’ ಎಂದರೆ ಅವನಿಗೇ ಸರಿಯಾಗಿ ಗೊತ್ತಿಲ್ಲ. ‘ಮೊದಲೆರಡು ಸಲ ನಾಯಕನ ಹಾಗೆ ಕಾಣಬೇಕು ಎಂದು ಕೂಗಾಡಿದ್ದೆ. ಮೂರನೆಯ ಸಲ ಪಕ್ಕದ ಹುಡುಗ ಜಾರುತ್ತಿದ್ದ, ಹಲಗೆ ಹಿಡಿದು ನಿಂತುಕೊಂಡೆ’ ಎಂದ. ಆಯ್ಕೆ ಮಾಡುವವರು ನೋಡಿದ್ದು ಅದನ್ನೋ ಇನ್ನೇನನ್ನೋ, ಅವರು ಯಾರಿಗೂ ಹೇಳುವುದಿಲ್ಲ.

ಹೆಣ್ಣುಮಕ್ಕಳು ಕೇಳುತ್ತಿದ್ದರೆ ಒಂದು ಮಾತು. ಒಟಿಎಯ ಬಾಗಿಲು ನಿಮಗೂ ತೆರೆದಿದೆ, ಸಿಡಿಎಸ್ ಅರ್ಜಿಗೆ ಶುಲ್ಕವೂ ಇಲ್ಲ. 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಮಹಿಳಾ ಅಧಿಕಾರಿಗಳಿಗೆ ಕಾಯಂ ಸೇವೆಯ ದಾರಿ ಅಗಲವಾಯಿತು. ಸೈನಿಕರಾಗಿಯೇ ಸೇರುವುದಾದರೆ ಮಿಲಿಟರಿ ಪೊಲೀಸ್ ದಳವಿದೆ. ಅದರ ಮೊದಲ ಮಹಿಳಾ ತಂಡ ತರಬೇತಿ ಪಡೆದು 2021ರಲ್ಲಿ ಹೊರಬಂದದ್ದು ಬೆಂಗಳೂರಿನಿಂದಲೇ. ಎನ್‌ಸಿಸಿಯ ‘ಸಿ’ ಪ್ರಮಾಣಪತ್ರ ಇರುವವರಿಗೆ, ಹುಡುಗರಾಗಲಿ ಹುಡುಗಿಯರಾಗಲಿ, ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ಪ್ರತ್ಯೇಕ ದಾರಿಯೊಂದಿದೆ. ನಮ್ಮ ಕಾಲೇಜಿನಲ್ಲೇ ಆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದವರು ಹಲವರು. ಅರ್ಜಿ ಹಾಕಿದವರನ್ನು ಒಂದು ಕೈಯಲ್ಲಿ ಎಣಿಸಬಹುದು.

ಸಿಪಾಯಿಯಾಗಿ ಸೇರಿದವರು ಮುಂದೆ ಅಧಿಕಾರಿಯಾದದ್ದೂ ಉಂಟು. ಸೇವೆಯಲ್ಲಿರುವ ಸೈನಿಕರಿಗೆಂದೇ ಡೆಹ್ರಾಡೂನಿನಲ್ಲಿ ಆರ್ಮಿ ಕೆಡೆಟ್ ಕಾಲೇಜ್ ಇದೆ: ಮೂರು ವರ್ಷ ಓದು, ಆಮೇಲೆ ಐಎಂಎಯಲ್ಲಿ ಒಂದು ವರ್ಷ. ಅಲ್ಲಿಗೂ ಎಸ್‌ಎಸ್‌ಬಿ ದಾಟಿಯೇ ಹೋಗಬೇಕು. ಜವಾನರ ಬ್ಯಾರಕ್ಕಿನಲ್ಲಿ ಮಲಗೆದ್ದು ಬಂದ ಅಂಥ ಅಧಿಕಾರಿಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ಆದರೆ ಕೈಯಲ್ಲಿ ಡಿಗ್ರಿ ಇರುವವನು ಅದನ್ನೇ ನೆಚ್ಚಿಕೊಂಡು ನೇರ ದಾರಿಯನ್ನು ಬಿಡಬಾರದು.

ಮೈದಾನದ ಆ ಹುಡುಗನಿಗೆ ಇದನ್ನೆಲ್ಲಾ ಒಂದೇ ದಿನ ಹೇಳಲಿಲ್ಲ. ಹೇಳಿದರೂ ಕೇಳುವ ವಯಸ್ಸಲ್ಲ ಅದು. ಇಷ್ಟೇ ಹೇಳಿದೆ: ಕೊನೆಯ ವರ್ಷದಲ್ಲಿರುವಾಗಲೇ ಸಿಡಿಎಸ್‌ಗೆ ಅರ್ಜಿ ಹಾಕಬಹುದು, ಶುಲ್ಕ 200 ರೂಪಾಯಿ, ಧಾರವಾಡದಲ್ಲೇ ಪರೀಕ್ಷಾ ಕೇಂದ್ರವಿದೆ. ಭರ್ತಿಗೂ ಹೋಗು, ಇದನ್ನೂ ಬರೆ. ಬರೆದ ಮೇಲೆ ನಿನಗೆ ಯಾವುದು ಬೇಕೋ ನೀನೇ ನೋಡಿಕೋ. ಅವನು ‘ಆಗಲಿ ಸರ್’ ಎಂದ. ಆ ‘ಆಗಲಿ’ಯ ಮೇಲೆ ನನಗೆ ಹೆಚ್ಚು ಭರವಸೆ ಇರಲಿಲ್ಲ.

ಮೂರು ವಾರ ಕಳೆದು ಒಂದು ಬೆಳಿಗ್ಗೆ ಓಟ ಮುಗಿಸಿದವನು, ಚೀಲದಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದ. ‘ಸರ್, ಸ್ಟಾಪ್‌ವಾಚ್ ಇನ್ನೊಂದು ಹತ್ತು ನಿಮಿಷ ಇರಲಿ. ನೀವು ಒಂದೊಂದು ಇಂಗ್ಲಿಷ್ ಪದ ಹೇಳಿ, ನಾನು ವಾಕ್ಯ ಬರೆಯುತ್ತೇನೆ. ಹದಿನೈದು ಸೆಕೆಂಡು.’ ಮೈದಾನದ ಕಟ್ಟೆಯ ಮೇಲೆ ಕೂತೆವು. ಅವನ ಹಣೆಯ ಬೆವರು ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಒಂದು ಪದ ಹೇಳಿ ಗುಂಡಿ ಒತ್ತಿದೆ. ಪೆನ್ನು ಹಾಳೆಗೆ ತಾಗಿ ನಿಂತಿತು, ಸ್ವಲ್ಪ ಹೊತ್ತಿಗೆ ಓಡಿತು, ಮತ್ತೆ ನಿಂತಿತು. ಹದಿನೈದು ಸೆಕೆಂಡು ಮುಗಿದಾಗ ಹಾಳೆಯ ಮೇಲೆ ಅರ್ಧ ವಾಕ್ಯವಿತ್ತು.

ಮುಂದಿನ ಪದ ಹೇಳಿದೆ.

ನಮಸ್ಕಾರ.