ಅಧ್ಯಕ್ಷೆಯ ಕುರ್ಚಿ, ಪಂಚಾಯಿತಿಯ ಖಾತೆ

ನಮಸ್ಕಾರ. ಗ್ರಾಮ ಪಂಚಾಯಿತಿಯ ಹಣ ಯಾರ ಮಾತಿನಂತೆ ಖರ್ಚಾಗುತ್ತದೆ ಎಂಬುದು ಇಂದಿನ ವಿಷಯ.

ಮಹಿಳಾ ಮೀಸಲಾತಿಯಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು. ಸಂವಿಧಾನದ 73ನೇ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು ಮೂರನೇ ಒಂದು ಭಾಗದ ಸ್ಥಾನಗಳನ್ನು ಕಡ್ಡಾಯಗೊಳಿಸುವ ಮೊದಲೇ, ಅಬ್ದುಲ್ ನಜೀರ್ ಸಾಬ್ ಅವರು ರಾಜ್ಯದ ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ ಕಾಯ್ದೆಯಡಿ 1987ರಲ್ಲಿ ನಡೆದ ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 2010ರಲ್ಲಿ ಆ ಪ್ರಮಾಣ ಶೇ 50ಕ್ಕೆ ಏರಿತು. ಕುರ್ಚಿ ಸಿಕ್ಕಿದೆ, ಖಾತೆಯ ಮೇಲಿನ ಹಿಡಿತ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲ ಎಂಬುದು ನನ್ನ ವಾದ.

ಪಂಚಾಯಿತಿಯ ಹಣ ಪಾವತಿಯಾಗಲು ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಸಹಿಯೂ ಬೇಕು. ಆ ಸಹಿ ಈಗ ಡಾಂಗಲ್‌ನಲ್ಲಿದೆ, ಅಂದರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಡಿಜಿಟಲ್ ಸಹಿ ಹಾಕುವ ಪುಟ್ಟ ಸಾಧನದಲ್ಲಿದೆ. ಅಧ್ಯಕ್ಷೆಯ ಡಾಂಗಲ್ ಗಂಡನ ಅಂಗಿಯ ಜೇಬಿನಲ್ಲೋ ಕಚೇರಿಯ ಮೇಜಿನ ಖಾನೆಯಲ್ಲೋ ಇದ್ದು, ಸಭೆಯ ನಡಾವಳಿ ಪುಸ್ತಕ ಮಾತ್ರ ಸಹಿಗಾಗಿ ಆಕೆಯ ಮನೆಗೆ ಹೋಗುತ್ತದೆ ಎಂದಾದರೆ, ಯಾವ ಗುತ್ತಿಗೆದಾರನಿಗೆ ಯಾವ ಬಿಲ್ ಪಾಸಾಯಿತೆಂದು ತಿಳಿಯುವ ದಾರಿಯೇ ಆಕೆಗೆ ಇರುವುದಿಲ್ಲ. ಆದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಆಕೆಯೂ ಉತ್ತರ ಕೊಡಬೇಕು.

ಹೆಣ್ಣುಮಕ್ಕಳಿಗೆ ಹಣಕಾಸಿನ ಲೆಕ್ಕ ತಿಳಿಯುವುದಿಲ್ಲ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸ್ತ್ರೀಶಕ್ತಿ ಸಂಘಗಳಲ್ಲಿ ವಾರದ ಉಳಿತಾಯ, ಸಾಲದ ಕಂತು, ಬಡ್ಡಿಗಳನ್ನು ವರ್ಷಗಟ್ಟಲೆ ಬರೆದಿಟ್ಟವರು ಇದೇ ಹೆಣ್ಣುಮಕ್ಕಳಲ್ಲವೇ?

ಅಧಿಕಾರ ನಿಜವಾಗಿ ಕೈಗೆ ಬಂದರೆ ಖರ್ಚಿನ ದಿಕ್ಕು ಬದಲಾಗುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಪಂಚಾಯಿತಿಗಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಬಂಗಾಳದಲ್ಲಿ ರಸ್ತೆಗಳೂ ಸುಧಾರಿಸಿದ್ದವು, ಏಕೆಂದರೆ ಅಲ್ಲಿನ ಹೆಂಗಸರು ರಸ್ತೆಯನ್ನೂ ಕೇಳುತ್ತಿದ್ದರು. ಹೀಗಾಗಿ ಮಹಿಳೆಯರ ವಿಷಯವೆಂದರೆ ನೀರು ಮತ್ತು ಅಂಗನವಾಡಿ ಮಾತ್ರ ಎಂದು ಬೇಲಿ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಖರ್ಚು ಮಾಡಲು ಸ್ವಾತಂತ್ರ್ಯವಿರುವ ಹಣವೂ ಕಡಿಮೆಯೇ. ಕೇಂದ್ರದ 15ನೇ ಹಣಕಾಸು ಆಯೋಗದ ಶಿಫಾರಸಿನಂತೆ 2021ರಿಂದ ಪಂಚಾಯಿತಿಗಳಿಗೆ ಬಂದ ಅನುದಾನದ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉದ್ದೇಶ ಒಳ್ಳೆಯದೇ, ಆದರೆ ಆದ್ಯತೆಯನ್ನು ಗ್ರಾಮಸಭೆಯ ಬದಲು ದೆಹಲಿಯೇ ನಿರ್ಧರಿಸಿದಂತಾಯಿತು. ಸ್ವಂತ ತೆರಿಗೆ ವಸೂಲಿ ಸೊರಗಿರುವ ಪಂಚಾಯಿತಿಯಲ್ಲಿ ಕೊಳವೆಬಾವಿ ಮತ್ತು ಬೀದಿದೀಪಗಳ ವಿದ್ಯುತ್ ಬಿಲ್ ಕಟ್ಟಿ, ಸಿಬ್ಬಂದಿಗೆ ಸಂಬಳ ಕೊಟ್ಟ ಮೇಲೆ ಅಧ್ಯಕ್ಷೆ ತನ್ನ ವಿವೇಚನೆಯಿಂದ ಖರ್ಚು ಮಾಡಲು ಉಳಿಯುವುದು ಅಲ್ಪವೇ. ಅದರ ಮೇಲೆ ಅಧಿಕಾರಾವಧಿ 30 ತಿಂಗಳು. ಒಂದು ಬಜೆಟ್ ಅರ್ಥ ಮಾಡಿಕೊಂಡು ಮುಂದಿನದನ್ನು ತಾನೇ ರೂಪಿಸುವ ಹೊತ್ತಿಗೆ ಕುರ್ಚಿ ಬೇರೊಬ್ಬರ ಪಾಲಾಗಿರುತ್ತದೆ, ಮೀಸಲಾತಿಯ ವರ್ಗವೂ ಬದಲಾಗಿರುತ್ತದೆ.

ಆದ್ದರಿಂದ ಅಧ್ಯಕ್ಷರ ಅವಧಿ ಮತ್ತೆ ಐದು ವರ್ಷಕ್ಕೆ ಮರಳಬೇಕು. ಬಜೆಟ್ ಮತ್ತು ಲೆಕ್ಕಪತ್ರದ ತರಬೇತಿ ಮೊದಲ ತಿಂಗಳಲ್ಲೇ, ಕುಟುಂಬದವರಿಲ್ಲದೆ ನಡೆಯಬೇಕು. ಪ್ರತಿ ಪಾವತಿಯ ಸಂದೇಶ ಆಕೆಯ ಸ್ವಂತ ಮೊಬೈಲ್‌ಗೆ ಬರಬೇಕು. ಪಂಚಾಯಿತಿಯ ಲೆಕ್ಕಪತ್ರ, ಕಾಮಗಾರಿಗಳನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಪರಿಶೀಲಿಸುವ ಜಮಾಬಂದಿಯ ದಿನ ಕಾಮಗಾರಿಗಳ ಖರ್ಚನ್ನು ಜನರ ಮುಂದೆ ಪಿಡಿಒ ಬದಲು ಅಧ್ಯಕ್ಷೆಯೇ ಓದಬೇಕು, ಊರಿನವರು ಪ್ರಶ್ನೆಗಳನ್ನು ಆಕೆಗೇ ಕೇಳಬೇಕು.